ಪೂರಕ ಮತ್ತು ಪರ್ಯಾಯ ಸಂವಹನ: ಸಂಶೋಧನೆಯ ವಾದಗಳು, ಗಡಿನಾಡಿನ ಕನ್ನಡ

ಪೂರಕ ಮತ್ತು ಪರ್ಯಾಯ ಸಂವಹನ: ಬಾಯಿಮಾತು ಸಾಲದವರು ಅದರ ಜೊತೆಗೆ, ಬಾಯಿಮಾತೇ ಇಲ್ಲದವರು ಅದರ ಬದಲಿಗೆ ಬಳಸುವ ಎಲ್ಲ ವಿಧಾನಗಳಿಗೂ ಅವುಗಳ ಅಧ್ಯಯನಕ್ಕೂ ಇರುವ ಹೆಸರು. ವಾಕ್ ಚಿಕಿತ್ಸಕರ ನಡುವೆ ‘ಎಎಸಿ’ ಎಂದೇ ರೂಢಿ. ಕಣ್ಸನ್ನೆ, ಕೈಸನ್ನೆ, ಚಿತ್ರ ಅಂಟಿಸಿದ ರಟ್ಟು, ಅಕ್ಷರ ಫಲಕ, ಒತ್ತಿದರೆ ಮಾತಾಡುವ ಪೆಟ್ಟಿಗೆ, ಟ್ಯಾಬಿನೊಳಗಿನ ಆಪ್, ಕಣ್ಣು ಹೋದ ಕಡೆಯನ್ನು ಗುರುತಿಸಿ ಅಕ್ಷರ ಮೂಡಿಸುವ ಕಂಪ್ಯೂಟರ್ ಎಲ್ಲವೂ ಇದರಲ್ಲಿ ಸೇರುತ್ತವೆ. ಬಳಸುವವರಲ್ಲಿ ಸೆರೆಬ್ರಲ್ ಪಾಲ್ಸಿ, ಆಟಿಸಂ, ಡೌನ್ ಸಿಂಡ್ರೋಮ್ ಇರುವ ಮಕ್ಕಳಿದ್ದಾರೆ. ಲಕ್ವ ಹೊಡೆದು ಮಾತು ಬಿದ್ದುಹೋದ ಹಿರಿಯರು, ಮೋಟಾರ್ ನ್ಯೂರಾನ್ ಕಾಯಿಲೆಯಿಂದ ನಾಲಿಗೆಯ ಹಿಡಿತ ತಪ್ಪಿದವರು, ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಹಾಕಿಸಿಕೊಂಡು ಕೆಲವು ದಿನ ಮಾತಿಲ್ಲದೆ ಮಲಗಿರುವವರೂ ಇದ್ದಾರೆ.

2011ರ ಜನಗಣತಿಯಲ್ಲಿ ಭಾರತದಲ್ಲಿ ಮಾತಿನ ನ್ಯೂನತೆಯುಳ್ಳವರು ಸುಮಾರು 19.98 ಲಕ್ಷ ಎಂದು ದಾಖಲಾಯಿತು. ಆದರೆ ಮಾತೂ ಕೈಕಾಲೂ ಒಟ್ಟಿಗೆ ಸೋತ ಮಗು ಚಲನೆಯ ಪಟ್ಟಿಗೋ ಬಹುವಿಧ ನ್ಯೂನತೆಯ ಪಟ್ಟಿಗೋ ಹೋಗಿರುತ್ತದೆ. ಎಎಸಿ ಬೇಕಾದವರ ಸಂಖ್ಯೆಯನ್ನು ಆ ಒಂದು ಅಂಕಿಯಿಂದ ಅಳೆಯಲಾಗದು. ಬ್ರಿಟನ್ನಿನ ಅಂದಾಜಿನಂತೆ ಜನಸಂಖ್ಯೆಯ ಶೇ 0.5ರಷ್ಟು ಮಂದಿಗೆ, ಅಂದರೆ ಇನ್ನೂರಕ್ಕೆ ಒಬ್ಬರಿಗೆ, ಇಂಥ ನೆರವು ಬೇಕು.

ಈ ಕ್ಷೇತ್ರದ ಸಂಶೋಧನೆ ಬೆಳೆದದ್ದು ಬಹುಪಾಲು ಇಂಗ್ಲಿಷ್ ಒಂದನ್ನೇ ಆಡುವ ಮನೆಗಳಲ್ಲಿ. ಅದರ ತೀರ್ಮಾನಗಳು ನಮ್ಮ ಕಡೆ ಎಷ್ಟು ನಿಲ್ಲುತ್ತವೆ ಎಂದು ನೋಡಲು ಬಾಗಲೂರಿನಂಥ ಊರು ತಕ್ಕದ್ದು. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಬಾಗಲೂರು ಹೊಸೂರಿನ ಉತ್ತರಕ್ಕಿದೆ. ಪಶ್ಚಿಮಕ್ಕೆ ಸರ್ಜಾಪುರ, ಇನ್ನೂ ಉತ್ತರಕ್ಕೆ ಮಾಲೂರು. ಒಂದು ಕಾಲಕ್ಕೆ ಪಾಳೆಯಗಾರರ ನೆಲೆ. ಈಗ ಸುತ್ತಲಿನ ಸೀಮೆಗೆ ಗುಲಾಬಿ ತೋಟಗಳಿಂದ ಹೆಸರು. ಸೇಲಂ ಜಿಲ್ಲೆಯಲ್ಲಿದ್ದ ಈ ಪ್ರದೇಶ 1965ರಲ್ಲಿ ಧರ್ಮಪುರಿಗೆ, 2004ರಲ್ಲಿ ಹೊಸ ಕೃಷ್ಣಗಿರಿ ಜಿಲ್ಲೆಗೆ ಸೇರಿತು. ಇಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತುಗಳೇ. ಅಜ್ಜಿಯೊಡನೆ ಕನ್ನಡ, ಪಕ್ಕದ ಮನೆಯವರೊಡನೆ ತೆಲುಗು, ಶಾಲೆ ಮತ್ತು ಸರ್ಕಾರಿ ಆಸ್ಪತ್ರೆಯಲ್ಲಿ ತಮಿಳು ಎಂಬುದು ಮಾತು ಬರುವ ಮಗುವಿಗೆ ದಿನನಿತ್ಯದ ಸಂಗತಿ. ಮಾತು ಬಾರದ ಮಗುವಿನ ಮುಂದೆ ಚಿತ್ರಫಲಕ ಇಡುವಾಗ ಮಾತ್ರ ‘ಯಾವ ಭಾಷೆಯಲ್ಲಿ?’ ಎಂಬ ಪ್ರಶ್ನೆ ಏಳುತ್ತದೆ.

ಹುಟ್ಟು ಮತ್ತು ಬೆಳವಣಿಗೆ

ಎಎಸಿ ಒಂದು ಶಾಸ್ತ್ರವಾಗಿ ರೂಪುಗೊಂಡದ್ದು 1970ರ ದಶಕದಲ್ಲಿ. ಚೆರ್ನೊವಿಟ್ಸ್‌ನಲ್ಲಿ ಹುಟ್ಟಿ, ನಾಜಿಗಳ ಸೆರೆಶಿಬಿರಗಳಿಂದ ಪಾರಾಗಿ, ಶಾಂಘೈ ಹಾದು ಆಸ್ಟ್ರೇಲಿಯಾ ಸೇರಿದ ಚಾರ್ಲ್ಸ್ ಬ್ಲಿಸ್ ಎಂಬವರು ಜಗತ್ತಿನವರೆಲ್ಲ ಓದಬಹುದಾದ ಚಿಹ್ನೆಗಳ ಬರಹವೊಂದನ್ನು ಕಟ್ಟಿ 1949ರಲ್ಲಿ ಪ್ರಕಟಿಸಿದ್ದರು. ಅದು ಬಹುಕಾಲ ಯಾರಿಗೂ ಬೇಡವಾಗಿ ಬಿದ್ದಿತ್ತು. 1971ರಲ್ಲಿ ಕೆನಡಾದ ಟೊರಾಂಟೊದಲ್ಲಿ ಶರ್ಲಿ ಮೆಕ್‌ನಾಟನ್ ಮತ್ತು ಸಂಗಡಿಗರು ಅದನ್ನು ಮಾತು ಬಾರದ ಮಕ್ಕಳಿಗೆ ಕಲಿಸಿದರು. ಮಕ್ಕಳು ವಾಕ್ಯ ಕಟ್ಟತೊಡಗಿದರು. 1983ರಲ್ಲಿ ಅಂತರರಾಷ್ಟ್ರೀಯ ಸಂಘ ‘ಐಸಾಕ್’ ಸ್ಥಾಪನೆಯಾಯಿತು. 1985ರಿಂದ ಅದರ ಸಂಶೋಧನಾ ಪತ್ರಿಕೆ ಹೊರಡುತ್ತಿದೆ. ಅದೇ 1985ರಲ್ಲಿ ಗಂಟಲ ಶಸ್ತ್ರಚಿಕಿತ್ಸೆಯಿಂದ ಮಾತು ಕಳೆದುಕೊಂಡ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಯಂತ್ರದ ಧ್ವನಿಯನ್ನು ಲೋಕಕ್ಕೆಲ್ಲ ಪರಿಚಯ ಮಾಡಿಸಿದರು.

ಭಾರತದಲ್ಲಿ ಈ ಕೆಲಸ ಶುರುವಾದದ್ದು ಪ್ರಯೋಗಾಲಯಗಳಲ್ಲಲ್ಲ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಶಾಲೆಗಳಲ್ಲಿ. ಮುಂಬಯಿಯಲ್ಲಿ ಮಿಥು ಅಲೂರ್ 1972ರಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಕಟ್ಟಿದರು. 1974ರಲ್ಲಿ ಸುಧಾ ಕೌಲ್ ಕೋಲ್ಕತ್ತದಲ್ಲಿ ತೆರೆದ ಸಂಸ್ಥೆ ಇಂದಿನ ಭಾರತೀಯ ಸೆರೆಬ್ರಲ್ ಪಾಲ್ಸಿ ಸಂಸ್ಥೆ; ಎಎಸಿ ತರಬೇತಿಗೆ ಅದೂ ಒಂದು ನೆಲೆ. ಬೆಂಗಳೂರಿನ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1980ರದು, ಚೆನ್ನೈಯ ವಿದ್ಯಾಸಾಗರ್ 1985ರದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಜನರ ಬಾಯಲ್ಲಿ ‘ಆಯಿಷ್’, ಕನ್ನಡದ ಮಟ್ಟಿಗೆ ಬಹು ಮುಖ್ಯವಾದದ್ದು. ಕನ್ನಡ ಮಕ್ಕಳು ಯಾವ ವಯಸ್ಸಿಗೆ ಯಾವ ಧ್ವನಿ, ಯಾವ ಪ್ರತ್ಯಯ ಕಲಿಯುತ್ತಾರೆ, ಲಕ್ವ ಹೊಡೆದವರಲ್ಲಿ ಕನ್ನಡ ಹೇಗೆ ಮುರಿಯುತ್ತದೆ ಎಂಬ ತಿಳಿವಳಿಕೆಯ ಬಹುಭಾಗ ಅಲ್ಲಿನ ಪ್ರಬಂಧಗಳಿಂದ ಬಂದಿದೆ. ಎಎಸಿಗೆಂದೇ ಅಲ್ಲಿ ಪ್ರತ್ಯೇಕ ಘಟಕವಿದೆ. ಕೇಂದ್ರ ಸರ್ಕಾರದ ಸಂಸ್ಥೆಯಾದ್ದರಿಂದ ಬಾಗಲೂರಿನ ಮಗುವಿಗೆ ರಾಜ್ಯದ ಗಡಿ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ದೂರ, ಖರ್ಚು, ಕಳೆದುಹೋಗುವ ಕೂಲಿ.

ಭಾರತದ್ದೇ ಆದ ಸಾಧನಗಳೂ ಬಂದಿವೆ. ಚೆನ್ನೈಯ ಅಜಿತ್ ನಾರಾಯಣನ್ ವಿದ್ಯಾಸಾಗರ್‌ನ ಮಕ್ಕಳೊಡನೆ ದುಡಿದು ರೂಪಿಸಿದ ‘ಆವಾಜ್’ ಮೊದಲು ಯಂತ್ರವಾಗಿ, ಆಮೇಲೆ ಆಪ್ ಆಗಿ ಹರಡಿತು. ಮುಂಬಯಿ ಐಐಟಿಯಿಂದ ‘ಜೆಲ್ಲೊ’, ಖರಗಪುರ ಐಐಟಿಯಿಂದ ‘ಸನ್ಯೋಗ್’ ಬಂದವು.

ಫಲಕ ಕೊಟ್ಟರೆ ಮಾತು ನಿಂತೀತೆ?

ತಂದೆತಾಯಿಯರ ಮೊದಲ ಅಂಜಿಕೆ ಇದು. ಚಿತ್ರ ತೋರಿಸುವುದು ಅಭ್ಯಾಸವಾದರೆ ಮಗು ಬಾಯಿ ತೆರೆಯುವ ಗೋಜಿಗೇ ಹೋಗದು ಎಂಬ ಭಾವನೆ ಊರಿನಲ್ಲೂ ಇದೆ, ಹಳೆಯ ಕಾಲದ ಕೆಲವು ಚಿಕಿತ್ಸಕರಲ್ಲೂ ಇತ್ತು. ‘ನಾಲ್ಕು ವರ್ಷ ಕಾದು ನೋಡಿ’, ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದು’ ಎನ್ನುತ್ತ ಕಾಲ ಕಳೆಯುತ್ತದೆ. ಸಂಶೋಧನೆ ಇಲ್ಲಿ ಎರಡು ಮಾತಾಡುವುದಿಲ್ಲ. ಡಯೇನ್ ಮಿಲ್ಲರ್, ಜಾನಿಸ್ ಲೈಟ್, ರಾಲ್ಫ್ ಶ್ಲೋಸರ್ 2006ರಲ್ಲಿ ಹಿಂದಿನ ಅಧ್ಯಯನಗಳನ್ನು ಜರಡಿ ಹಿಡಿದು, ಗಟ್ಟಿ ಪುರಾವೆಯಿರುವ 27 ಮಂದಿಯ ವಿವರ ಪರಿಶೀಲಿಸಿದರು. ಎಎಸಿ ಶುರುವಾದ ಮೇಲೆ ಒಬ್ಬರಲ್ಲೂ ಮಾತು ಕುಗ್ಗಿರಲಿಲ್ಲ. ಶೇ 89 ಮಂದಿಯಲ್ಲಿ ಹೆಚ್ಚಿತ್ತು, ಉಳಿದವರಲ್ಲಿ ಇದ್ದಂತೆಯೇ ಇತ್ತು. ಹೆಚ್ಚಳ ಬಹುತೇಕ ಸಣ್ಣದು ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಅಟ್ಲಾಂಟಾದ ಮೇರಿ ಆನ್ ರಾಮ್‌ಸ್ಕಿ ತಂಡ 2010ರಲ್ಲಿ 62 ಎಳೆಯ ಮಕ್ಕಳನ್ನು ಮೂರು ಗುಂಪು ಮಾಡಿ ನೋಡಿತು: ಬರೀ ಮಾತಿನ ಚಿಕಿತ್ಸೆ ಪಡೆದವರಿಗಿಂತ ಯಂತ್ರದ ನೆರವೂ ಪಡೆದವರು ಹೆಚ್ಚು ಪದ ಬಳಸಿದರು. ಈ ವಾದ ಮುಗಿದದ್ದೆಂದೇ ತಿಳಿಯಬೇಕು. ಮಾತು ಬರಲಿ ಎಂದು ಕಾಯುತ್ತ ಫಲಕ ಕೊಡದಿರುವುದರಿಂದ ಮಗುವಿಗೆ ನಷ್ಟವೇ ಹೊರತು ಲಾಭವಿಲ್ಲ.

ಮುಗಿಯದ ವಾದವೂ ಒಂದಿದೆ. ಈ ಕ್ಷೇತ್ರದ ಅಧ್ಯಯನಗಳು ಬಹಳ ಕಡೆ ಒಬ್ಬಿಬ್ಬರನ್ನು ಆಳವಾಗಿ, ದೀರ್ಘಕಾಲ ನೋಡಿದವು. ಒಂದೇ ಬಗೆಯ ನೂರು ಮಕ್ಕಳು ಸಿಗುವುದು ಕಷ್ಟವಾದ್ದರಿಂದ ಈ ವಿಧಾನ ಸಹಜ. ಅದರ ಫಲಿತಾಂಶವನ್ನು ಎಲ್ಲರಿಗೂ ಅನ್ವಯಿಸಬಹುದೇ ಎಂಬ ಚರ್ಚೆ ಇಂದಿಗೂ ನಡೆದಿದೆ.

ಮಾತು ಯಾರದು?

ಅತ್ಯಂತ ಕಹಿಯಾದ ವಾದ ಇದು, ಇದರ ಒಂದು ಎಳೆ ಕರ್ನಾಟಕದಿಂದಲೇ ಹೊರಟಿದೆ. 1970ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೋಸ್‌ಮೇರಿ ಕ್ರಾಸ್ಲಿ, ಮಾತು ಬಾರದವರ ಕೈಯನ್ನೋ ಮಣಿಕಟ್ಟನ್ನೋ ಆನಿಸಿ ಹಿಡಿದು ಅಕ್ಷರ ತೋರಿಸುವ ವಿಧಾನ ಆರಂಭಿಸಿದರು. 1990ರ ಸುಮಾರಿಗೆ ಡಗ್ಲಸ್ ಬಿಕ್ಲೆನ್ ಅದನ್ನು ಅಮೆರಿಕದಲ್ಲಿ ಹರಡಿದರು. ಅದುವರೆಗೆ ಒಂದು ಪದವನ್ನೂ ಬರೆಯದವರು ಉದ್ದುದ್ದ ಪತ್ರ ಬರೆದಂತೆ ಕಂಡಿತು. ಆಮೇಲೆ ಪರೀಕ್ಷೆಗಳು ನಡೆದವು: ಕೈ ಹಿಡಿದವರಿಗೆ ಒಂದು ಚಿತ್ರ, ಬರೆಯುವವರಿಗೆ ಇನ್ನೊಂದು ಚಿತ್ರ ತೋರಿಸಿದರೆ ಫಲಕದಲ್ಲಿ ಮೂಡಿದ್ದು ಕೈ ಹಿಡಿದವರು ಕಂಡ ಚಿತ್ರದ ಹೆಸರು. ಬರೆಯುತ್ತಿದ್ದವರು ಅವರೇ, ತಮಗೇ ಅರಿವಿಲ್ಲದೆ.

ಇದರ ನಂತರದ ಕವಲು ಸೋಮಾ ಮುಖೋಪಾಧ್ಯಾಯ ಅವರದು. ಮೈಸೂರು, ಬೆಂಗಳೂರುಗಳಲ್ಲಿ ವಾಸವಾಗಿದ್ದ ಅವರು ಆಟಿಸಂ ಇರುವ ಮಗ ಟಿಟೊನಿಗೆ ತಾವೇ ಓದು ಬರಹ ಕಲಿಸಿದರು. ಟಿಟೊ ಬರೆದ ಪುಸ್ತಕವನ್ನು ಬ್ರಿಟನ್ನಿನ ರಾಷ್ಟ್ರೀಯ ಆಟಿಸಂ ಸಂಘ 2000ದಲ್ಲಿ ಪ್ರಕಟಿಸಿತು. ಕೆಲಕಾಲದ ಬಳಿಕ ಅಮೆರಿಕಕ್ಕೆ ಹೋದ ಸೋಮಾ, ಕೈ ಹಿಡಿಯುವ ಬದಲು ಅಕ್ಷರ ಫಲಕವನ್ನು ಎದುರು ಹಿಡಿದು ಬಿಡುವಿಲ್ಲದೆ ಪ್ರಚೋದಿಸುವ ವಿಧಾನವನ್ನು ಇತರರಿಗೂ ಕಲಿಸಿದರು. ಅಮೆರಿಕದ ವಾಕ್ ಭಾಷಾ ಶ್ರವಣ ಸಂಘ 2018ರಲ್ಲಿ ಕೈ ಹಿಡಿಯುವ ವಿಧಾನವನ್ನು ತಿರಸ್ಕರಿಸಿತು. ಫಲಕ ಹಿಡಿಯುವ ವಿಧಾನಕ್ಕೂ ಪುರಾವೆಯಿಲ್ಲ, ಬಳಸಬೇಡಿ ಎಂದಿತು. ಒಬ್ಬ ತಾಯಿಯ ಛಲ, ಒಬ್ಬ ಹುಡುಗನ ಬರಹ ಗೌರವಕ್ಕೆ ಅರ್ಹ. ಆದರೆ ಒಂದು ವಿಧಾನವನ್ನು ಸಾವಿರ ಮಕ್ಕಳಿಗೆ ಹಂಚುವ ಮೊದಲು ಮಾತು ಮಗುವಿನದೇ ಎಂದು ತೋರಿಸುವ ಹೊಣೆ ಹಂಚುವವರದು. ಬಾಯಿಲ್ಲದವರ ಹೆಸರಿನಲ್ಲಿ ಇನ್ನೊಬ್ಬರು ಮಾತಾಡಿಬಿಡುವುದು ಅವರನ್ನು ಸುಮ್ಮನಿರಿಸುವುದಕ್ಕಿಂತ ದೊಡ್ಡ ಅನ್ಯಾಯ.

ಈ ಪ್ರಶ್ನೆ ಸಣ್ಣ ರೂಪದಲ್ಲಿ ಪ್ರತಿ ಫಲಕದಲ್ಲೂ ಇದೆ, ಏಕೆಂದರೆ ಅದರಲ್ಲಿ ಯಾವ ಪದಗಳಿರಬೇಕೆಂದು ತೀರ್ಮಾನಿಸುವವರು ದೊಡ್ಡವರು. ಸಂವಹನಕ್ಕೆ ನಾಲ್ಕು ಉದ್ದೇಶಗಳಿವೆ ಎಂದು ಜಾನಿಸ್ ಲೈಟ್ 1988ರಲ್ಲಿ ಗುರುತಿಸಿದರು: ಬೇಕುಬೇಡಗಳನ್ನು ಹೇಳುವುದು, ವಿಷಯ ತಿಳಿಸುವುದು, ಆತ್ಮೀಯತೆ ಬೆಳೆಸುವುದು, ಶಿಷ್ಟಾಚಾರ ಪಾಲಿಸುವುದು. ನಮ್ಮ ಫಲಕಗಳಲ್ಲಿ ನೀರು, ಊಟ, ಬಾತ್‌ರೂಮ್ ಇರುತ್ತವೆ. ಅಂದರೆ ಮೊದಲನೆಯದು ಮಾತ್ರ. ತಂಗಿಯನ್ನು ಗೇಲಿ ಮಾಡಲು, ಸಿನಿಮಾ ಹಾಡು ಕೇಳಲು, ‘ಆಮೇಲೇನಾಯ್ತು?’ ಎನ್ನಲು ಪದವಿಲ್ಲ. ದೇಹದ ಗುಪ್ತಾಂಗಗಳ ಹೆಸರು, ‘ಹೊಡೆದ’, ‘ಮುಟ್ಟಿದ’, ‘ಹೆದರಿಕೆ’ ಎಂಬ ಪದಗಳಿಲ್ಲದ ಫಲಕ ಹಿಡಿದ ಮಗು ತನ್ನ ಮೇಲಾದ ದೌರ್ಜನ್ಯವನ್ನು ಹೇಳಲಾರದು. ಅಮೆರಿಕದ ಡಯೇನ್ ಬ್ರಾಯನ್, ದಕ್ಷಿಣ ಆಫ್ರಿಕಾದ ಯುವಾನ್ ಬೋರ್ನ್‌ಮನ್ ಇದನ್ನೇ ಅಧ್ಯಯನ ಮಾಡಿದವರು. ಆ ಪದಗಳನ್ನು ಫಲಕಕ್ಕೆ ಹಾಕಲು ಹಿರಿಯರು ನಾಚಬಾರದು.

ಕನ್ನಡ ಫಲಕದ ವ್ಯಾಕರಣ

ದಿನದ ಮಾತಿನ ಸುಮಾರು ಶೇ 80 ಭಾಗ ಕೆಲವು ನೂರು ಪದಗಳಲ್ಲೇ ನಡೆಯುತ್ತದೆ ಎಂದು ಇಂಗ್ಲಿಷಿನ ಅಧ್ಯಯನಗಳು ತೋರಿಸಿವೆ. ಇವಕ್ಕೆ ತಿರುಳು ಪದಗಳು ಎನ್ನಬಹುದು. ಆಪ್‌ಗಳ ಮೊದಲ ಪುಟ ಇವುಗಳಿಂದಲೇ ತುಂಬಿರುತ್ತದೆ. ಆ ಪಟ್ಟಿಯನ್ನು ಹಾಗೆಯೇ ಕನ್ನಡಕ್ಕೆ ಇಳಿಸಿದರೆ ಆಗುವ ತೊಡಕು ದೊಡ್ಡದು. ಇಂಗ್ಲಿಷಿನಲ್ಲಿ ವಿಭಕ್ತಿ ಪದದ ಹೊರಗಿದೆ, ಕನ್ನಡದಲ್ಲಿ ಒಳಗಿದೆ. ಮಗು ‘ನಾನು’ ಚಿತ್ರ ಒತ್ತಿ ‘ಬೇಕು’ ಚಿತ್ರ ಒತ್ತಿದರೆ ಯಂತ್ರ ‘ನಾನು ಬೇಕು’ ಎನ್ನುತ್ತದೆ. ನೀರು ಬೇಕೆನ್ನಲು ಹೊರಟ ಮಗು ತಾನೇ ಯಾರಿಗೋ ಬೇಕು ಎಂದಂತಾಯಿತು. ‘ನನಗೆ’ ಎಂಬ ರೂಪ ಪ್ರತ್ಯೇಕ ಮನೆಯಲ್ಲಿರಬೇಕು, ಇಲ್ಲವೆ ಯಂತ್ರವೇ ಪ್ರತ್ಯಯ ಸೇರಿಸಬೇಕು. ‘ಕುಡಿ’ ಎಂಬ ಒಂದೇ ಗುಂಡಿಯಿಂದ ಕುಡೀತೀನಿ, ಕುಡಿದ, ಕುಡಿದಳು, ಕುಡೀಲಿಲ್ಲ, ಕುಡಿಸು ಎಲ್ಲ ಹೊರಡಬೇಕು.

ನಿಷೇಧ ಇನ್ನೂ ಸೂಕ್ಷ್ಮ. ‘ಊಟ ಇಲ್ಲ’, ‘ಊಟ ಬೇಡ’, ‘ಊಟ ಅಲ್ಲ’ ಮೂರೂ ಬೇರೆ. ಅಡ್ಡಗೆರೆ ಎಳೆದ ಒಂದೇ ಚಿತ್ರದಲ್ಲಿ ಮೂರನ್ನೂ ತುಂಬಿದರೆ, ಹಸಿದ ಮಗು ‘ಊಟ ಕೊಟ್ಟಿಲ್ಲ’ ಎಂದದ್ದು ‘ಊಟ ಬೇಡ’ ಎಂದು ಕೇಳಿಸೀತು. ‘ಬಾ’ ಮತ್ತು ‘ಬನ್ನಿ’ ಎರಡೂ ಇರಬೇಕು. ನಲವತ್ತು ವರ್ಷದವರು ಯಂತ್ರದ ತಪ್ಪಿನಿಂದ ಊರ ಹಿರಿಯರನ್ನು ಏಕವಚನದಲ್ಲಿ ಕರೆದಂತಾಗಬಾರದು. ‘ಅಂತೆ’ ಎಂಬುದಿಲ್ಲದೆ ಕನ್ನಡದಲ್ಲಿ ಊರ ಸುದ್ದಿ ಹೇಳಲು ಆಗುವುದೇ ಇಲ್ಲ. ಇಂಗ್ಲಿಷಿನ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಬಾಗಲೂರಿನ ಮೂರು ಭಾಷೆಗಳು ಇಲ್ಲಿ ಅಡ್ಡಿಯಾಗುವ ಬದಲು ನೆರವಿಗೆ ಬರುತ್ತವೆ ಎಂಬುದನ್ನು ಒತ್ತಿ ಹೇಳಬೇಕು. ‘ನನಗೆ ನೀರು ಬೇಕು’, ತೆಲುಗಿನ ‘ನಾಕು ನೀಳ್ಳು ಕಾವಾಲಿ’, ತಮಿಳಿನ ‘ಎನಕ್ಕು ತಣ್ಣಿ ವೇಣುಂ’ ಒಂದೇ ಕ್ರಮದಲ್ಲಿ ನಡೆಯುತ್ತವೆ: ಚತುರ್ಥಿ, ವಸ್ತು, ಕೊನೆಗೆ ಬೇಕು. ಇಲ್ಲ, ಅಲ್ಲ, ಬೇಡಗಳಿಗೆ ತೆಲುಗಿನಲ್ಲಿ ಲೇದು, ಕಾದು, ವದ್ದು ಸರಿಸಾಟಿ. ಆಡುಮಾತಿನ ತಮಿಳು ಮೊದಲೆರಡನ್ನು ಬಹುಮಟ್ಟಿಗೆ ಒಂದೇ ಪದದಲ್ಲಿ ನಿಭಾಯಿಸುತ್ತದೆ. ಆದ್ದರಿಂದ ಚಿತ್ರಗಳ ಜಾಗ ಬದಲಿಸದೆ ಧ್ವನಿಯನ್ನು ಮಾತ್ರ ಬದಲಿಸುವ ಒಂದೇ ಫಲಕ ಮೂರು ಭಾಷೆಗೂ ನಡೆದೀತು. ಬೆರಳು ದಾರಿ ಕಲಿತ ಮೇಲೆ ಪದದ ಜಾಗ ಬದಲಾಗಬಾರದು ಎಂಬುದು ಈ ಕ್ಷೇತ್ರದಲ್ಲಿ ಅನೇಕರು ಒಪ್ಪುವ ನಿಯಮವೂ ಹೌದು. ಒಂದಕ್ಕಿಂತ ಹೆಚ್ಚು ಭಾಷೆ ಮಗುವಿಗೆ ಭಾರ ಎಂದು ಮನೆಮಾತನ್ನು ಬಿಡಿಸುವ ಸಲಹೆಯನ್ನು ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ ವಿಶ್ವವಿದ್ಯಾಲಯದ ಎಎಸಿ ಕೇಂದ್ರದವರೂ ಪ್ರಶ್ನಿಸಿದ್ದಾರೆ. ಹಲವು ಅಧಿಕೃತ ಭಾಷೆಗಳ ನಾಡು ಅದು. ತಮಿಳುನಾಡಿನ 2006ರ ಕಾಯ್ದೆಯಿಂದ ಶಾಲೆಗಳಲ್ಲಿ ತಮಿಳು ಕಡ್ಡಾಯವಾಗಿದೆ. ಶಾಲೆಯ ಫಲಕದಲ್ಲಿ ತಮಿಳು ಇರಲಿ. ಅದೊಂದೇ ಇದ್ದರೆ ಮಗು ಅಮ್ಮನೊಡನೆ ಮಾತಾಡುವುದು ಹೇಗೆ?

ಅಕ್ಷರ ಬಲ್ಲವರಿಗೆ ಅಕ್ಷರ ಫಲಕವೇ ದೊಡ್ಡ ಸ್ವಾತಂತ್ರ್ಯ. ಅದರಲ್ಲಿ ಯಾರೂ ಮೊದಲೇ ಆರಿಸಿಟ್ಟ ಪದಗಳಿಲ್ಲ. ಕನ್ನಡ ವರ್ಣಮಾಲೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ವರ್ಗೀಯ ವ್ಯಂಜನಗಳಲ್ಲಿ ಕ, ಚ, ಟ, ತ, ಪ ಎಂಬ ಐದು ಸಾಲು, ಸಾಲಿಗೆ ಐದು ಅಕ್ಷರ. ಎದುರಿನವರು ‘ಕ ಸಾಲೋ? ಚ ಸಾಲೋ?’ ಎಂದು ಕೇಳುತ್ತ ಹೋದರೆ ಕಣ್ಣು ಮಿಟುಕಿಸಿ ಸಾಲನ್ನೂ, ಆಮೇಲೆ ಅಕ್ಷರವನ್ನೂ ಆರಿಸಬಹುದು. ಸಾಲಿನ ಹೆಸರು ಶಾಲೆಗೆ ಹೋದ ಎಲ್ಲರಿಗೂ ಬಾಯಿಪಾಠ, ಹೊಸದಾಗಿ ಕಲಿಯಬೇಕಾದ್ದಿಲ್ಲ. ಕಾಗುಣಿತ, ಒತ್ತಕ್ಷರಗಳಿಗೆ ಇನ್ನೊಂದು ಸುತ್ತು ಬೇಕಾಗುತ್ತದೆ. ಙ, ಞ ಅಕ್ಷರಗಳ ಮನೆಗಳನ್ನು ‘ಹೊಸ ಪದ’, ‘ತಪ್ಪಾಯ್ತು’ ಎಂಬ ಸೂಚನೆಗಳಿಗೆ ಬಿಟ್ಟುಕೊಡಬಹುದು.

ಚಿತ್ರ, ತಲೆಯಾಟ, ವೇಗ

ಪ್ರಸಿದ್ಧ ಚಿತ್ರಸಂಚಯಗಳು ಹೊರದೇಶದ ಮನೆಗಳನ್ನು ನೋಡಿ ಬರೆದವು. ಊಟದ ಚಿತ್ರದಲ್ಲಿ ಮುಳ್ಳುಚಮಚ, ಮನೆಯ ಚಿತ್ರದಲ್ಲಿ ಹೊಗೆಗೊಳವೆ. ಒಂದೇ ಚಿತ್ರವನ್ನು ಬೇರೆಬೇರೆ ಸಮುದಾಯದವರು ಬೇರೆಬೇರೆಯಾಗಿ ಗ್ರಹಿಸುತ್ತಾರೆ ಎಂದು ಸಂಶೋಧನೆ ತೋರಿಸಿದೆ. ಸ್ಪೇನಿನ ಅರಗಾನ್ ಸರ್ಕಾರದ ‘ಅರಸಾಕ್’ ಚಿತ್ರಗಳು ಉಚಿತ. ಆದರೂ ಮುದ್ದೆ, ಸಾರು, ಗುಲಾಬಿ ತೋಟ, ಅಜ್ಜಿಯ ಎಲೆ ಅಡಿಕೆ ಚೀಲಕ್ಕೆ ಮೊಬೈಲಿನಲ್ಲಿ ತೆಗೆದ ಫೋಟೊವೇ ಉತ್ತಮ.

ತಲೆಯಾಟದ ವಿಷಯದಲ್ಲಿ ಎಚ್ಚರ ಬೇಕು. ನಮ್ಮಲ್ಲಿ ತಲೆಯನ್ನು ಪಕ್ಕಕ್ಕೆ ಓಲಾಡಿಸಿದರೆ ‘ಹೂಂ’. ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ತಲೆ ತಾನಾಗಿಯೇ ಓಲಾಡುತ್ತದೆ. ಕೇಳಿದ್ದಕ್ಕೆಲ್ಲ ಒಪ್ಪಿತೆಂದು ಸುತ್ತಲಿನವರು ತಿಳಿಯುತ್ತಾರೆ. ‘ಹೂಂ’ಗೆ ಕಣ್ಣು ಮೇಲೆತ್ತುವುದು, ‘ಊಹೂಂ’ಗೆ ಕಣ್ಣು ಮುಚ್ಚುವುದು ಎಂಬಂಥ ಖಚಿತ ಸಂಕೇತವನ್ನು ಮನೆಯವರು ಮೊದಲೇ ಗೊತ್ತುಮಾಡಿಕೊಂಡು ಕಾಗದದ ಮೇಲೆ ಬರೆದು ಗಾಲಿಕುರ್ಚಿಗೆ ಅಂಟಿಸಬೇಕು.

ಬಾಯಿಮಾತು ನಿಮಿಷಕ್ಕೆ 150 ಪದಗಳಿಗೂ ಹೆಚ್ಚು ವೇಗದಲ್ಲಿ ಹರಿದರೆ ಎಎಸಿ ಬಳಸುವವರಲ್ಲಿ ಬಹಳ ಮಂದಿ 15 ಪದ ದಾಟುವುದಿಲ್ಲ. ಈ ಅಂತರದಲ್ಲಿ ಎದುರಿನವರು ತಾಳ್ಮೆಗೆಟ್ಟು ತಾವೇ ಪ್ರಶ್ನೆ ಕೇಳಿ, ತಾವೇ ಉತ್ತರ ಊಹಿಸಿ, ಸಂಭಾಷಣೆಯನ್ನು ಪೂರ್ತಿ ವಹಿಸಿಕೊಳ್ಳುತ್ತಾರೆ ಎಂದು 1985ರಷ್ಟು ಹಿಂದೆಯೇ ದಾಖಲಾಗಿದೆ. 2023ರಲ್ಲಿ ಮಿದುಳಿಗೆ ಅಳವಡಿಸಿದ ವಿದ್ಯುದಗ್ರಗಳ ಮೂಲಕ ಅಮೆರಿಕದ ಎರಡು ತಂಡಗಳು ನಿಮಿಷಕ್ಕೆ 62 ಮತ್ತು 78 ಪದಗಳ ವೇಗ ಮುಟ್ಟಿದವು. ಅದು ಇಂಗ್ಲಿಷಿನಲ್ಲಿ, ಪ್ರಯೋಗಾಲಯದಲ್ಲಿ. ಕನ್ನಡ, ತಮಿಳು ಬರಹವನ್ನು ಧ್ವನಿಯಾಗಿಸುವ ಕೆಲಸ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡದಿಂದ, ಮದರಾಸು ಐಐಟಿಯ ಗುಂಪುಗಳಿಂದ ನಡೆದಿದೆ. ಕೃತಕ ಬುದ್ಧಿಮತ್ತೆ ಈಗ ಎರಡು ಪದ ಕೊಟ್ಟರೆ ಪೂರ್ತಿ ವಾಕ್ಯ ಹೆಣೆದುಕೊಡುತ್ತದೆ. ವೇಗ ಬರುತ್ತದೆ, ಆದರೆ ವಾಕ್ಯ ಯಾರದು ಎಂಬ ಹಳೆಯ ಪ್ರಶ್ನೆಯೂ ಹಿಂದೆಯೇ ಬರುತ್ತದೆ. ಸೂಚಿಸಿದ ವಾಕ್ಯವನ್ನು ತಿರಸ್ಕರಿಸುವ ಗುಂಡಿ ಅಷ್ಟೇ ಸುಲಭವಾಗಿ ಕೈಗೆ ಸಿಗದ ಯಂತ್ರವನ್ನು ಒಪ್ಪಬಾರದು.

ಕಾನೂನಿನ ನೆಲೆ

ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಪೂರಕ ಮತ್ತು ಪರ್ಯಾಯ ವಿಧಾನಗಳನ್ನು ಹೆಸರಿಸಿಯೇ ಸಂವಹನವೆಂದು ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಎರಡನೆಯ ಕಲಮಿನ ವ್ಯಾಖ್ಯಾನದಲ್ಲೂ ಅದು ಸೇರಿದೆ. ಮಾತಾಡಲಾಗದ ಸಾಕ್ಷಿ ನ್ಯಾಯಾಲಯದಲ್ಲಿ ಬರೆದೋ ಸನ್ನೆಯಿಂದಲೋ ಹೇಳಿದ್ದು ಬಾಯಿಮಾತಿನ ಸಾಕ್ಷ್ಯಕ್ಕೆ ಸಮ. ದುಭಾಷಿ ಅಥವಾ ವಿಶೇಷ ಶಿಕ್ಷಕರ ನೆರವು ಪಡೆಯಬೇಕು, ಹೇಳಿಕೆಯನ್ನು ವಿಡಿಯೊ ಮಾಡಬೇಕು ಎಂದೂ ಸಾಕ್ಷ್ಯ ಕಾನೂನು ಹೇಳುತ್ತದೆ. ಈ ಕಾನೂನುಗಳಿಗೆ ಗಡಿಯ ಆಚೆಯ ಹೊಸೂರು, ಈಚೆಯ ಆನೇಕಲ್ಲು ಎಂಬ ಭೇದವಿಲ್ಲ. ಬಾಗಲೂರಿನ ತಾಯಿಯೊಬ್ಬರು ಮಗುವಿನ ಕನ್ನಡ ಫಲಕವನ್ನು ಶಾಲೆಗೋ ಆಸ್ಪತ್ರೆಗೋ ಠಾಣೆಗೋ ಒಯ್ದರೆ ಅಲ್ಲಿಯವರು ಅದನ್ನು ನೋಡಲೇಬೇಕು, ಮಗು ತೋರಿಸಿ ಮುಗಿಸುವವರೆಗೆ ಕಾಯಲೇಬೇಕು.